ಬಾಗಿಲಿಗೆ ಬಂದ ಕೊರಳಗಂಟೆ

ಸುಭದ್ರಮ್ಮ ಹಳೇ ಕೊಟ್ಟಿಗೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಅತಿಥಿಗಳಿಗೆಂದು ಚೆಂದದ ಪುಟ್ಟ ಮನೆ ಮಾಡಿದಳು. ಕೆಂದಿ ಹಸುವನ್ನು ಹಿತ್ತಿಲಿನ ತಗಡಿನ ಚಪ್ಪರಕ್ಕೆ ಸಾಗಿಸಿ, ಅದರ ಕೊರಳಗಂಟೆಯನ್ನು ಈ ಮನೆಯ ಬಾಗಿಲಿಗೆ ಕಟ್ಟಿದಳು.

"ಬಂದವರೆಲ್ಲ ಮೊದಲು ನನ್ನನ್ನೇ ಮುಟ್ಟುತ್ತಾರೆ," ಎಂದು ಗಂಟೆ ಬೀಗಿತು.

"ಮುಟ್ಟಿ ಒಳಗೆ ಹೋಗುತ್ತಾರೆ. ನೀನು ಹೊರಗೇ ಉಳಿಯುತ್ತೀ," ಎಂದು ಹೇಳಿ ಕೆಂದಿ ಮೇಯಲು ಹೊರಟಿತು.

ಆ ಸಂಜೆ ಕೆಂದಿ ಹಿಂತಿರುಗಲಿಲ್ಲ. ಸುಭದ್ರಮ್ಮ ಹಿತ್ತಿಲಲ್ಲಿ ನಿಂತು ಗುಡ್ಡದ ಕಡೆಗೆ ಕಿವಿಗೊಟ್ಟಳು. ಅಷ್ಟರಲ್ಲಿ ಅತಿಥಿಯೊಬ್ಬ ಒಳಹೋಗುವ ಮುನ್ನ ಸುಮ್ಮನೆ ಗಂಟೆಯ ಹಗ್ಗ ಎಳೆದ. ಹಳೇ ದನಿ ಕೇಳಿ, ಅಭ್ಯಾಸಬಲದಿಂದ "ಸದ್ಯ, ಬಂತು," ಎಂದುಕೊಂಡು ಆಕೆ ಒಳಗೆ ನಡೆದಳು.

"ಬಂದಿಲ್ಲ ತಾಯಿ, ಹುಡುಕು," ಎಂದು ಕೂಗಬೇಕೆನಿಸಿತು ಗಂಟೆಗೆ. ಆದರೆ ಅತಿಥಿ ಆಗಲೇ ಬಾಗಿಲು ಹಾಕಿಕೊಂಡಿದ್ದ. ಇನ್ನೊಬ್ಬರು ಬಂದು ಎಳೆಯುವ ತನಕ ಅದಕ್ಕೆ ದನಿಯಿರಲಿಲ್ಲ.