ಕೆಂಪು ಅಂಚಿನ ಹಾಳೆ

ಸಸ್ಯ ಸಂಗ್ರಹಾಲಯದ ಮೇಜಿನ ಮೇಲೆ, ಬೆಟ್ಟದಿಂದ ಆಗಷ್ಟೇ ಕಿತ್ತು ತಂದ ಹೂಗಿಡವೊಂದು ಪಕ್ಕದ ಹಾಳೆಗೆ ಅಂಟಿಸಿದ್ದ ಅರವತ್ತು ವರ್ಷದ ಒಣಗಿಡವನ್ನು ಕಂಡು ಮೂಗು ಮುರಿಯಿತು. "ನಾನು ಯಾರೆಂದು ಹೇಳಲು ಈ ತರಗು ಬೇಕೇ?"

"ನಮ್ಮ ಬಳಗದಲ್ಲಿ ಮೊದಲು ಹೆಸರು ಪಡೆದದ್ದು ನಾನು. ನನ್ನನ್ನು ಹೋಲಿದರೆ ನಿನಗೂ ಅದೇ ಹೆಸರು," ಎಂದಿತು ಒಣಗಿಡ.

ಸಸ್ಯವಿಜ್ಞಾನಿ ನೀಲಾಂಬಿಕೆ ಮಸೂರ ಹಿಡಿದು ಎರಡರ ಎಸಳು, ಕೇಸರಗಳನ್ನೂ ಎಣಿಸಿದಳು. "ಈ ಹೊಸ ಗಿಡದ ಜಾತಿಯೇ ಬೇರೆ," ಎಂದಳು.

ಹೂಗಿಡದ ಜಂಬ ಇಳಿಯಿತು. "ಹಾಗಾದರೆ ನನ್ನನ್ನು ಎಸೆದುಬಿಡುತ್ತಾರೆಯೇ?"

"ನಾನು ಬಂದ ದಿನ ನನ್ನನ್ನು ಹೋಲುವ ಯಾವ ಗಿಡವೂ ಇಲ್ಲಿ ಇರಲಿಲ್ಲ. ಅದಕ್ಕೇ ಹೊಸ ಜಾತಿಯ ಮೊದಲ ಗಿಡಕ್ಕೆ ಮಾತ್ರ ಕೊಡುವ ಈ ಕೆಂಪು ಅಂಚಿನ ಹಾಳೆ ನನಗೆ ಸಿಕ್ಕಿತು," ಎಂದಿತು ಒಣಗಿಡ.

ನೀಲಾಂಬಿಕೆ ಕಪಾಟಿನಿಂದ ಕೆಂಪು ಅಂಚಿನ ಹೊಸ ಹಾಳೆಯೊಂದನ್ನು ತೆಗೆದಳು. ಹೂಗಿಡ ತಾನಾಗಿಯೇ ಎಲೆ ಚಾಚಿ, ಒಣಗಲು ಮಲಗಿತು.