ಗುಡುಗಿಯ ಹಸಿರು ನೀರು

ಬನ್ನಿ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತಾ ಬನ್ನಿ. ನಿಮ್ಮ ಹೂಂ ನಿಂತರೆ ಕತೆಯ ಕಾರೂ ನಿಲ್ಲುತ್ತೆ. ಆಮೇಲೆ ತಳ್ಳೋರು ನೀವೇ, ನಾನಂತೂ ತಳ್ಳಲ್ಲ.

ಒಂದೂರಲ್ಲಿ ಒಬ್ಬಳು ಬಳೆಗಾರ್ತಿ. ಹೆಸರು ಹೊನ್ನಕ್ಕ. ಅವಳದೊಂದು ಹಳೇ ಡೀಸೆಲ್ ಕಾರು. ಮೊದಲು ಒಬ್ಬ ಡಾಕ್ಟರು ಓಡಿಸಿದ್ರು. ಆಮೇಲೆ ಒಬ್ಬ ಮೇಷ್ಟ್ರು ಓಡಿಸಿದ್ರು. ಇಬ್ಬರೂ ಸಾಕಪ್ಪಾ ಅಂದಮೇಲೆ ಹೊನ್ನಕ್ಕನ ಕೈಗೆ ಬಂತು. ಸ್ಟಾರ್ಟ್ ಮಾಡಿದ್ರೆ ಗುಡು ಗುಡು ಗುಡು ಗುಡು. ಮಲಗಿದ ಬೀದಿನಾಯಿ ಕೂಡ ಎದ್ದು ಪಕ್ಕಕ್ಕೆ ಹೋಗೋದು. ಅದಕ್ಕೇ ಅದರ ಹೆಸರು ಗುಡುಗಿ.

ಗುಡುಗಿಯ ಹಿಂದಿನ ಸೀಟಲ್ಲಿ ಕೆಂಪು ಬಳೆ, ನೀಲಿ ಬಳೆ, ಕರಿ ಬಳೆ, ಹಸಿರು ಬಳೆ. ಕಾರು ಕುಣಿದರೆ ಬಳೆನೂ ಕುಣಿಯೋವು, ಘಲ್ ಘಲ್ ಅಂತ.

ಅವತ್ತು ಗುಡ್ಡದ ಹಟ್ಟಿಯಲ್ಲಿ ಪದ್ದಿಗೆ ಸೀಮಂತ. ಪದ್ದಿ ಹೊಟ್ಟೇಲಿ ಪಾಪು ಇದೆ. ಪಾಪು ಬರೋ ಮೊದಲು ಅಮ್ಮನ ಕೈತುಂಬ ಹಸಿರು ಬಳೆ ತೊಡಿಸಬೇಕು. ದೀಪ ಹಚ್ಚೋದ್ರೊಳಗೆ ತೊಡಿಸಬೇಕು. ಬಳೆ ತರೋರು ತವರಿನೋರು. ಪದ್ದಿಗೆ ಅಮ್ಮ ಇಲ್ಲ, ಅಪ್ಪ ಇಲ್ಲ, ತವರೇ ಇಲ್ಲ. "ಯಾರಿಲ್ಲದಿದ್ರೆ ಏನು, ನಾನಿದ್ದೀನಲ್ಲ. ಬಂದೇ ಬರ್ತೀನಿ" ಅಂತ ಹೊನ್ನಕ್ಕ ಮಾತು ಕೊಟ್ಟಿದ್ದಳು.

ಬೆಳಿಗ್ಗೆ ಎದ್ದು ನೋಡ್ತಾಳೆ, ಗುಡುಗಿ ಕೆಳಗೆ ನೆಲವೆಲ್ಲ ಹಸಿರು. ರೇಡಿಯೇಟರ್ ಪೈಪು ಒಡೆದಿದೆ. ಇಂಜಿನ್ ತಣ್ಣಗಿಡೋ ಹಸಿರು ನೀರೆಲ್ಲ ಸೋರಿ ಹೋಗಿದೆ. ಕುಡಿಯೋಕೆ ಕೋಳಿ ಓಡಿ ಬಂತು. "ಹುಶ್, ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ" ಅಂತ ಹೊನ್ನಕ್ಕ ಕೋಳಿ ಓಡಿಸಿದಳು. ಮಣ್ಣು ಹಾಕಿ ಒರೆಸಿದಳು. ಆ ಮಣ್ಣನ್ನೂ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದಳು. ಸ್ಕ್ರೂಡ್ರೈವರ್ ಹಿಡಿದು ಹಳೇ ಪೈಪು ಬಿಚ್ಚಿದಳು, ಹೊಸ ಪೈಪು ಹಾಕಿದಳು.

ಎದುರುಮನೆ ಜಗಲಿ ಮೇಲೆ ಗುಜರಿ ಓಬಣ್ಣ ಕೂತಿದ್ದ. ಮುಂದೆ ತಕ್ಕಡಿ. ಹಳೇ ಕಬ್ಬಿಣ ಕಂಡರೆ ಸಾಕು, ಅವನ ಕೈ ತುರಿಸೋದು.

"ಹೊನ್ನಕ್ಕಾ, ನಿನ್ನ ಗುಡುಗಿ ಕತೆ ಮುಗೀತು. ಗುಜರಿಗೆ ಹಾಕು. ಸಂಜೆ ಲಾರಿ ತರ್ತೀನಿ."

"ಲಾರಿನಾದ್ರೂ ತಾ, ರೈಲಾದ್ರೂ ತಾ. ನನ್ನ ಗುಡುಗಿ ನಿನ್ನ ತಕ್ಕಡಿ ಹತ್ತಲ್ಲ" ಅಂದಳು ಹೊನ್ನಕ್ಕ.

ಗುಡುಗಿ ಹತ್ತಿರ ಬಂದಳು.

"ಗುಡುಗಿ ಗುಡುಗಿ, ಹೊರಡೇ. ಪದ್ದಿಗೆ ಬಳೆ ಇಲ್ವಂತೆ."

ಗುಡುಗಿ ಅಂತು, "ಹಸಿರು ನೀರು ಸೇರೋ ತನಕ ನಾನು ಹೊರಡಲ್ಲ."

"ಒಲ್ಲೆ ಅಂದ್ಯಾ? ಅನ್ನು. ಬಿಡೋಳು ನಾನಲ್ಲ."

ಕ್ಯಾನಲ್ಲಿ ಹೊಸ ಹಸಿರು ನೀರಿತ್ತು. ಹೊನ್ನಕ್ಕ ಕ್ಯಾನಿನ ಹತ್ತಿರ ಹೋದಳು.

"ಹಸಿರು ನೀರೇ, ಗುಡುಗಿಗೆ ಸೇರು. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ಹಸಿರು ನೀರು ಅಂತು, "ಥೂ, ಒಳಗೆಲ್ಲ ತುಕ್ಕು. ತುಕ್ಕು ಏಳೋ ತನಕ ನಾನು ಸೇರಲ್ಲ."

"ಒಲ್ಲೆ ಅಂದ್ಯಾ? ಅನ್ನು. ಬಿಡೋಳು ನಾನಲ್ಲ."

ಹೊನ್ನಕ್ಕ ರೇಡಿಯೇಟರ್ ಒಳಗೆ ಇಣುಕಿದಳು. ತುಕ್ಕು ಕಾಲು ಚಾಚಿ ಮಲಗಿತ್ತು.

"ತುಕ್ಕೇ ತುಕ್ಕೇ, ಏಳು. ಹಸಿರು ನೀರು ಸೇರಲ್ವಂತೆ. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ತುಕ್ಕು ಆಕಳಿಸಿತು. "ಬೇಸಿಗೆಯೆಲ್ಲ ಬೋರ್‌ವೆಲ್ ನೀರು ಸುರಿದೋರು ಯಾರು? ನೀನೇ ತಾನೆ? ನೀನೇ ಕರೆದು ಕೂರಿಸಿದೀಯ. ಈಗ ಏಳು ಅಂದ್ರೆ ಎದ್ದುಬಿಡ್ತೀನಾ? ಇಂಜಿನ್ ಓಡಿ, ನೀರು ಕಾದು, ನನ್ನ ಬೆನ್ನು ಬಿಸಿಯಾಗೋ ತನಕ ನಾನು ಏಳಲ್ಲ."

ಹೊನ್ನಕ್ಕ ತಲೆ ಕೆರೆದುಕೊಂಡಳು. ಬೋರ್‌ವೆಲ್ ನೀರು ನಿಂತ ಬಿಂದಿಗೆಗೇ ಬಿಳಿ ಚಕ್ಕೆ ಕಟ್ಟುತ್ತೆ. ಕಾರಿನ ಹೊಟ್ಟೆ ಬಿಡುತ್ತಾ? "ಹೌದು, ತಪ್ಪು ನಂದೇ. ಆದ್ರೂ ಬಿಡೋಳು ನಾನಲ್ಲ."

ಇಂಜಿನ್ ಹತ್ತಿರ ಹೋದಳು.

"ಇಂಜಿನಣ್ಣಾ, ಓಡು. ತುಕ್ಕು ಏಳಲ್ವಂತೆ. ಹಸಿರು ನೀರು ಸೇರಲ್ವಂತೆ. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ಇಂಜಿನ್ ಕೆಮ್ಮಿತು. "ಹೊಟ್ಟೇಲಿ ಹಳೇ ಕರಿ ಎಣ್ಣೆ ಅಂಟಂಟು ಅಂತಿದೆ. ಕರಿ ಎಣ್ಣೆ ಇಳಿಯೋ ತನಕ ನಾನು ಓಡಲ್ಲ."

"ಒಲ್ಲೆ ಅಂದ್ಯಾ? ಅನ್ನು. ಬಿಡೋಳು ನಾನಲ್ಲ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊನ್ನಕ್ಕ ಗುಡುಗಿ ಅಡಿಗೆ ನುಸುಳಿದಳು.

"ಕರಿ ಎಣ್ಣೆ, ಕರಿ ಎಣ್ಣೆ, ಇಳಿ. ಇಂಜಿನ್ ಓಡಲ್ವಂತೆ. ತುಕ್ಕು ಏಳಲ್ವಂತೆ. ಹಸಿರು ನೀರು ಸೇರಲ್ವಂತೆ. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ಕರಿ ಎಣ್ಣೆ ಅಂತು, "ಬಾಗಿಲಿಗೆ ಬೋಲ್ಟು ಹಾಕಿ ಇಳಿ ಅಂತೀಯಲ್ಲ. ಬೋಲ್ಟು ತಿರುಗೋ ತನಕ ನಾನು ಇಳಿಯಲ್ಲ."

"ಬೋಲ್ಟೇ ಬೋಲ್ಟೇ, ತಿರುಗು. ಕರಿ ಎಣ್ಣೆ ಇಳಿಯಲ್ವಂತೆ. ಇಂಜಿನ್ ಓಡಲ್ವಂತೆ. ತುಕ್ಕು ಏಳಲ್ವಂತೆ. ಹಸಿರು ನೀರು ಸೇರಲ್ವಂತೆ. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ಬೋಲ್ಟು ಹಲ್ಲು ಕಚ್ಚಿ ಅಂತು, "ಬೆರಳಿಗೆಲ್ಲ ಬಗ್ಗೋನಲ್ಲ ನಾನು. ಸ್ಪ್ಯಾನರ್ ಬರೋ ತನಕ ತಿರುಗಲ್ಲ."

"ಒಲ್ಲೆ ಅಂದ್ಯಾ? ಅನ್ನು. ಬಿಡೋಳು ನಾನಲ್ಲ."

ಸ್ಪ್ಯಾನರ್ ಎಲ್ಲಿ? ಡಿಕ್ಕೀಲಿ ಇಲ್ಲ. ಸೀಟಿನಡಿ ಇಲ್ಲ. ಬಳೆ ಪೆಟ್ಟಿಗೇಲೂ ಇಲ್ಲ. ನಿನ್ನೆ ತನ್ನ ಮನೆ ಜಗಲಿ ಮೇಲೆ ಇಟ್ಟಿದ್ದಳಲ್ಲ? ಹೊನ್ನಕ್ಕ ತಲೆ ಎತ್ತಿ ನೋಡ್ತಾಳೆ, ಓಬಣ್ಣನ ತಕ್ಕಡೀಲಿ ಸ್ಪ್ಯಾನರ್ ಮಲಗಿದೆ. ಜಗಲಿ ಮೇಲೆ ಬಿದ್ದಿದ್ದೆಲ್ಲ ಗುಜರಿ, ಅದು ಓಬಣ್ಣನ ನ್ಯಾಯ.

"ಸ್ಪ್ಯಾನರೇ, ಬಾರೋ. ಬೋಲ್ಟು ತಿರುಗಲ್ವಂತೆ. ಕರಿ ಎಣ್ಣೆ ಇಳಿಯಲ್ವಂತೆ. ಇಂಜಿನ್ ಓಡಲ್ವಂತೆ. ತುಕ್ಕು ಏಳಲ್ವಂತೆ. ಹಸಿರು ನೀರು ಸೇರಲ್ವಂತೆ. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ಸ್ಪ್ಯಾನರ್ ಅಂತು, "ಹೆಂಗ್ ಬರ್ಲಿ? ಓಬಣ್ಣ ಕೊಡೋ ತನಕ ನಾನು ಬರಲ್ಲ."

"ಓಬಣ್ಣಾ, ಕೊಡು. ಸ್ಪ್ಯಾನರ್ ಬರಲ್ವಂತೆ. ಬೋಲ್ಟು ತಿರುಗಲ್ವಂತೆ. ಕರಿ ಎಣ್ಣೆ ಇಳಿಯಲ್ವಂತೆ. ಇಂಜಿನ್ ಓಡಲ್ವಂತೆ. ತುಕ್ಕು ಏಳಲ್ವಂತೆ. ಹಸಿರು ನೀರು ಸೇರಲ್ವಂತೆ. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ಓಬಣ್ಣ ಹೊಟ್ಟೆ ಕುಣಿಸಿ ನಕ್ಕ. "ನಾನು ಯಾರ ಮಾತೂ ಕೇಳಲ್ಲ. ಕೇಳಿದ್ರೆ ನನ್ನ ಹೆಂಡ್ತಿ ಮಾತು ಒಂದೇ. ತಿಪ್ಪಕ್ಕ ಬಂದು ಹೇಳೋ ತನಕ ನಾನು ಕೊಡಲ್ಲ."

"ಒಲ್ಲೆ ಅಂದ್ಯಾ? ಅನ್ನು. ಬಿಡೋಳು ನಾನಲ್ಲ."

ಅವನ ಪಕ್ಕದಿಂದಲೇ ಬಿರಬಿರ ಒಳಗೆ ಹೋದಳು. ತಿಪ್ಪಕ್ಕ ಕೂಸನ್ನ ತೊಡೆ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸು ಊಂ ಊಂ ಅಂತ ಅಳ್ತಿತ್ತು.

"ತಿಪ್ಪಕ್ಕಾ, ಬಂದು ಹೇಳೇ. ಓಬಣ್ಣ ಕೊಡಲ್ವಂತೆ. ಸ್ಪ್ಯಾನರ್ ಬರಲ್ವಂತೆ. ಬೋಲ್ಟು ತಿರುಗಲ್ವಂತೆ. ಕರಿ ಎಣ್ಣೆ ಇಳಿಯಲ್ವಂತೆ. ಇಂಜಿನ್ ಓಡಲ್ವಂತೆ. ತುಕ್ಕು ಏಳಲ್ವಂತೆ. ಹಸಿರು ನೀರು ಸೇರಲ್ವಂತೆ. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ತಿಪ್ಪಕ್ಕ ಅಂದಳು, "ನೋಡಕ್ಕಾ, ಬೆಳಿಗ್ಗೆಯಿಂದ ಒಂದೇ ಸಮ ಅಳ್ತಿದೆ. ಒಂದು ತುತ್ತು ತಿನ್ನೋಕೆ ಬಿಟ್ಟಿಲ್ಲ. ಕೂಸು ನಗೋ ತನಕ ನಾನು ಏಳೋಕಾಗಲ್ಲ."

ಹೊನ್ನಕ್ಕ ಕೂಸಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೂಸಿಗೂ ಹೇಳಬೇಕಲ್ಲ, ಪೂರ್ತಿ ಹೇಳಿದಳು.

"ಕೂಸೇ ಕೂಸೇ, ನಗೋ. ತಿಪ್ಪಕ್ಕ ಏಳಲ್ವಂತೆ. ಓಬಣ್ಣ ಕೊಡಲ್ವಂತೆ. ಸ್ಪ್ಯಾನರ್ ಬರಲ್ವಂತೆ. ಬೋಲ್ಟು ತಿರುಗಲ್ವಂತೆ. ಕರಿ ಎಣ್ಣೆ ಇಳಿಯಲ್ವಂತೆ. ಇಂಜಿನ್ ಓಡಲ್ವಂತೆ. ತುಕ್ಕು ಏಳಲ್ವಂತೆ. ಹಸಿರು ನೀರು ಸೇರಲ್ವಂತೆ. ಗುಡುಗಿ ಹೊರಡಲ್ವಂತೆ. ಪದ್ದಿಗೆ ಬಳೆ ಇಲ್ವಂತೆ."

ಬಳೆ ಅಂದ ತಕ್ಷಣ ಕೂಸು ಎಡಗೈ ಎತ್ತಿ ತೋರಿಸ್ತು. ಬಲಗೈಯಲ್ಲಿ ಕರಿ ಬಳೆ ಇತ್ತು. ಎಡಗೈಯಲ್ಲಿ ಇರಲಿಲ್ಲ. ಒಡೆದು ಹೋಗಿತ್ತು.

"ಅಯ್ಯೋ ನನ್ನ ಬಂಗಾರ, ಇಷ್ಟೇನಾ? ನಾನು ಬಳೆಗಾರ್ತಿ ಕಣೋ. ಇದಕ್ಕೆ ನಾನು ಒಲ್ಲೆ ಅಂತೀನಾ?"

ಓಡಿಹೋಗಿ ಕರಿ ಬಳೆ ತಂದಳು. ಎಣ್ಣೆ ಕೈ ತೊಳೆದಳು. ಪುಟ್ಟ ಬೆರಳೆಲ್ಲ ಒಟ್ಟುಗೂಡಿಸಿ, ಮೆತ್ತಗೆ ಒತ್ತಿ, ಬಳೆ ಏರಿಸಿದಳು. ಕೂಸು ಕೈ ಅಲ್ಲಾಡಿಸಿತು. ಘಲ್. ಇನ್ನೊಂದು ಸಲ ಅಲ್ಲಾಡಿಸಿತು. ಘಲ್ ಘಲ್.

ಆಗ ಏನಾಯ್ತು? ಹೂಂ ಅನ್ನಿ, ಹೇಳ್ತೀನಿ.

ಕೂಸು ನಕ್ಕಿತು. ಕೂಸು ನಕ್ಕಿದ್ದೇ ತಿಪ್ಪಕ್ಕ ಎದ್ದಳು. ಕೂಸನ್ನ ಸೊಂಟಕ್ಕೆ ಏರಿಸಿ ಜಗಲಿಗೆ ಬಂದಳು.

"ಏನಯ್ಯಾ, ಸ್ಪ್ಯಾನರ್ ಕೊಡ್ತೀಯೋ, ಇಲ್ಲ ಮಧ್ಯಾಹ್ನಕ್ಕೆ ಆ ತಕ್ಕಡಿ ಕಲ್ಲನ್ನೇ ಬೇಯಿಸಿ ಹಾಕ್ಲೋ? ಇದೇ ಕೂಸು ಹೊಟ್ಟೇಲಿದ್ದಾಗ ನನಗೆ ಹಸಿರು ಬಳೆ ತಂದಿದ್ದು ಯಾವ ಕಾರು? ಮರೆತುಬಿಟ್ಟೆಯಾ?"

ಓಬಣ್ಣ ಮರೆತಿರಲಿಲ್ಲ. ಮುಖ ಊದಿಸಿಕೊಂಡು ಸ್ಪ್ಯಾನರ್ ಕೊಟ್ಟ. "ಕೊಟ್ಟ ಮಾತ್ರಕ್ಕೆ ಕಾರು ಓಡುತ್ತಾ? ಗುಡ್ಡದ ಬುಡದಲ್ಲಿ ನನ್ನ ಲಾರಿ ನಿಂತಿದೆ. ತಂದೇ ತರ್ತೀನಿ" ಅಂತ ಎದ್ದು ಹೋದ.

ಹೋಗ್ಲಿ ಬಿಡಿ. ನಮಗೆ ಕೆಲಸ ಇದೆ.

ಓಬಣ್ಣ ಕೊಟ್ಟ, ಸ್ಪ್ಯಾನರ್ ಬಂತು. ಸ್ಪ್ಯಾನರ್ ಬಂತು, ಬೋಲ್ಟು ತಿರುಗಿತು. ಬೋಲ್ಟು ತಿರುಗಿತು, ಕರಿ ಎಣ್ಣೆ ಬೇಸಿನ್ನಿಗೆ ಇಳಿಯಿತು, ಗಳ ಗಳ ಗಳ. ಹೊನ್ನಕ್ಕ ಬೋಲ್ಟು ಬಿಗಿದಳು. ಜೇನಿನ ಬಣ್ಣದ ಹೊಸ ಎಣ್ಣೆ ಹೊಯ್ದಳು. ಮಳೆಗಾಲದಲ್ಲಿ ಹಂಡೇಲಿ ಹಿಡಿದಿಟ್ಟ ಮಳೆನೀರನ್ನ ರೇಡಿಯೇಟರಿಗೆ ತುಂಬಿದಳು. ಬೋರ್‌ವೆಲ್ ನೀರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಕರಿ ಎಣ್ಣೆ ಇಳಿಯಿತು, ಇಂಜಿನ್ ಓಡಿತು, ಗುಡು ಗುಡು ಗುಡು ಗುಡು. ಇಂಜಿನ್ ಓಡಿತು, ನೀರು ಕಾಯಿತು, ತುಕ್ಕು ಅಯ್ಯಯ್ಯೋ ಅಂತ ಎದ್ದಿತು. ಈಗ ಮುಚ್ಚಳ ತೆಗೀಬಹುದಾ? ತೆಗೀಬಾರದು. ಬಿಸಿನೀರು ಮುಖಕ್ಕೆ ಹಾರುತ್ತೆ. ಹೊನ್ನಕ್ಕ ಇಂಜಿನ್ ನಿಲ್ಲಿಸಿ ಅಲ್ಲೇ ಕೂತಳು. ರೊಟ್ಟಿ ತಿಂದಳು. ಬಿಸಿಲು ಇಳೀತಾ ಇತ್ತು, ಆದ್ರೂ ಕೂತಳು. ತಣ್ಣಗಾದಮೇಲೆ ಬಿಚ್ಚಿದಳು. ರಾಗಿ ಅಂಬಲಿ ಬಣ್ಣದ ನೀರು ಬಂತು. ಮತ್ತೆ ತುಂಬಿದಳು, ಮತ್ತೆ ಓಡಿಸಿದಳು, ಮತ್ತೆ ಕಾದಳು. ತಿಳಿನೀರು ಬಂತು.

ತುಕ್ಕು ಎದ್ದಿತು, ಹಸಿರು ನೀರು ಸೇರಿತು, ಗುಳು ಗುಳು ಗುಳು. ಬ್ರೇಕ್ ಎಣ್ಣೆನೂ ನೋಡಿ ತುಂಬಿದಳು. ಗಾಜು ಒರೆಸೋ ನೀರನ್ನೂ ತುಂಬಿದಳು. ಹಸಿರು ನೀರು ಸೇರಿತು, ಗುಡುಗಿ ಹೊರಟಿತು.

ಗುಡುಗಿ ಹೊರಟಿತು. ಬಳೆಗಳು ಘಲ್ ಘಲ್. ಸೂರ್ಯ ಕೆಂಪಗಾಗಿದ್ದ.

ಗುಡ್ಡದ ಬುಡಕ್ಕೆ ಬಂದರೆ ಅಲ್ಲಿ ಓಬಣ್ಣನ ಲಾರಿ. ಮೂತಿಯಿಂದ ಬುಸ್ ಅಂತ ಹಬೆ. ಪಕ್ಕದಲ್ಲಿ ಓಬಣ್ಣ, ಕೈಯಲ್ಲಿ ಖಾಲಿ ಕೊಡ.

ಹೊನ್ನಕ್ಕ ಕಿಟಕಿಯಿಂದ ತಲೆ ಹಾಕಿದಳು. "ಯಾವ ನೀರು ಹಾಕಿದ್ದೆ, ಓಬಣ್ಣ?"

ಓಬಣ್ಣ ನೆಲ ನೋಡಿದ. "ಬೋರ್‌ವೆಲ್ದು."

"ಹಂಗಾದ್ರೆ ಗುಜರಿಗೆ ಹಾಕ್ತೀಯಾ? ತಕ್ಕಡಿ ತರ್ಲಾ?"

ಓಬಣ್ಣ ಖಾಲಿ ಕೊಡವನ್ನ ಬೆನ್ನ ಹಿಂದೆ ಬಚ್ಚಿಟ್ಟ.

"ಕೂತಿರು. ಮುಚ್ಚಳ ಮಾತ್ರ ಮುಟ್ಟಬೇಡ. ವಾಪಸ್ ಬರ್ತಾ ಹಸಿರು ನೀರು ಕೊಡ್ತೀನಿ. ಈಗ ನಿಲ್ಲೋಕಾಗಲ್ಲ" ಅಂದು ಹೊನ್ನಕ್ಕ ಗೇರ್ ಹಾಕಿದಳು. ಗುಡುಗಿ ಗುಡ್ಡ ಹತ್ತಿತು. ಬಿಸಿಯಾಗಲಿಲ್ಲ, ಬುಸ್ ಅನ್ನಲಿಲ್ಲ.

ಮೇಲೆ ಹಟ್ಟಿಯಲ್ಲಿ ಪದ್ದಿ ಹೊಸ್ತಿಲ ಮೇಲೆ ಕೂತಿದ್ದಳು. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದಳು. ಅತ್ತೆ ಬತ್ತಿ ಹೊಸೆದು ದೀಪಕ್ಕೆ ಎಣ್ಣೆ ಹಾಕಿ, ಬೆಂಕಿಕಡ್ಡಿ ಕೈಲಿ ಹಿಡಿದು ನಿಂತಿದ್ದಳು. "ಇನ್ನು ಯಾರೂ ಬರಲ್ಲ ಕಣಮ್ಮಾ, ಒಳಗೆ ಬಾ" ಅಂದಳು.

"ತಡೀರಿ ಅತ್ತೆ" ಅಂದಳು ಪದ್ದಿ.

ಗುಡು ಗುಡು ಗುಡು ಗುಡು.

ಅತ್ತೆ ಆಕಾಶ ನೋಡಿದಳು. "ಮೋಡವೇ ಇಲ್ಲ, ಎಲ್ಲಿ ಗುಡುಗ್ತಿದೆ?"

ಪದ್ದಿಯ ಕಣ್ಣು ತುಂಬಿ ಬಂತು. "ಗುಡುಗಲ್ಲ ಅತ್ತೆ. ನನ್ನ ತವರಿನೋರು ಬಂದ್ರು."

ಹೊನ್ನಕ್ಕ ಇಳಿದಳು. ಪದ್ದಿಯ ಕೈ ಹಿಡಿದಳು. ಒಂದೊಂದೇ, ಒಂದೊಂದೇ, ಎರಡೂ ಕೈ ತುಂಬ ಹಸಿರು ಬಳೆ ಏರಿಸಿದಳು. ಆಮೇಲೆ ಅತ್ತೆ ದೀಪ ಹಚ್ಚಿದಳು.

ಗುಡುಗಿ ಗುಜರಿಗೆ ಹೋಗಲಿಲ್ಲ. ಹೋಗಿದ್ದು ಆ ಒಡೆದ ಪೈಪು ಒಂದೇ. ಕತೆ ಇಲ್ಲಿಗೆ ನಿಂತಿತು, ಗುಡುಗಿ ಇನ್ನೂ ನಿಂತಿಲ್ಲ. ನೀವೂ ಏಳಿ, ಕೈ ತೊಳ್ಕೊಳ್ಳಿ, ಊಟಕ್ಕೆ ಬನ್ನಿ.