ಮಲ್ಲರಸನ ಹಡಗಿನ ಮನೆ

ಕಡಲನ್ನು ಕೊಟ್ಟ ಭಗವಂತ ಅದನ್ನು ದಾಟುವ ಬುದ್ಧಿಯನ್ನೂ ಮನುಷ್ಯನಿಗೆ ಕೊಟ್ಟ. ಅವನ ಪಾದಕ್ಕೆ ನಮಸ್ಕಾರ. ಆ ಬುದ್ಧಿ ಹಂಚುವ ಹೊತ್ತಿಗೆ ಹೊನ್ನಗಡವಿನ ಅರಸ ಮಲ್ಲರಸ ಎಲ್ಲಿದ್ದನೋ, ಅದು ಅವನಿಗೇ ಗೊತ್ತು. ಆದರೆ ಅರಸನ ಮನಸ್ಸು ಮಾತ್ರ ಬೆಣ್ಣೆ. ಆ ಬೆಣ್ಣೆ ಕರಗಲು ಕೊಂಚ ಬಿಸಿ ತಾಗಬೇಕಿತ್ತು, ಅಷ್ಟೇ.

ಮಲ್ಲರಸನಿಗೆ ಹಡಗುಗಳ ಹುಚ್ಚು. ಹತ್ತುವ ಹುಚ್ಚಲ್ಲ, ಕೂಡಿಡುವ ಹುಚ್ಚು. ಅರಮನೆಯ ಪಕ್ಕದಲ್ಲೇ ಒಂದು ಹಡಗಿನ ಮನೆ ಕಟ್ಟಿಸಿದ್ದ. ಅಲ್ಲಿ ತಾತ ಮುತ್ತಾತರ ದೋಣಿಗಳಿದ್ದವು, ಎರಡು ಹಾಯಿಯ ಹಡಗಿತ್ತು, ಗಂಧದ ಮರದಲ್ಲಿ ಕೆತ್ತಿದ ಅಂಗೈಯಗಲದ ಪುಟಾಣಿ ಹಡಗುಗಳಿದ್ದವು. ಒಟ್ಟು ನಲವತ್ತು. ನಡುವೆ ಆನೆ ಮುಖದ ರಾಜನೌಕೆ ಗಜಲಕ್ಷ್ಮಿ.

"ನೋಡಿ!" ಎಂದ ಅರಸ ಒಂದು ದಿನ, ಸಭೆಯನ್ನೆಲ್ಲ ಅಲ್ಲಿಗೆ ಕರೆತಂದು. "ಹನ್ನೆರಡು ವರ್ಷ! ನನ್ನ ಹಡಗುಗಳಿಗೆ ಒಂದು ಹನಿ ನೀರು ತಾಗಿಲ್ಲ!"

"ಮೀನಿಗೂ ಈ ಭಾಗ್ಯವಿಲ್ಲ, ಪ್ರಭು," ಎಂದ ಆಸ್ಥಾನದ ವಿದೂಷಕ ಪರಮಯ್ಯ.

ಅರಸ ಹಿಗ್ಗಿದ. "ಇನ್ನೊಂದು ಬೇಕು. ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ಸಣ್ಣಮ್ಮನ ದೋಣಿ. ಒಂದು ಮೊಳೆಯೂ ಇಲ್ಲದೆ ಹಗ್ಗದಲ್ಲೇ ಹೊಲಿದದ್ದಂತೆ. ನಾಳೆಯೇ ತರಿಸಿ!"

ಸುದ್ದಿ ಕೇಳಿದ್ದೇ ಸಣ್ಣಮ್ಮ ಓಡೋಡಿ ಬಂದಳು. ಅವಳ ಮುತ್ತಜ್ಜ ಹೊಲಿದ ದೋಣಿ ಅದು. ಹೊಳೆಯಾಚೆಯ ಅಮ್ಮನ ಗುಡಿಗೆ ಊರಿಗೆಲ್ಲ ಅದೊಂದೇ ದಾರಿ.

"ದೋಣಿ ಕಸಕೊಂಡ್ರೆ ನಾನು ಏನು ತಿನ್ನಲಿ, ಒಡೆಯಾ? ಜನ ಅಮ್ಮನ್ನ ನೋಡೋದು ಹೇಗೆ?"

"ನಿನಗೆ ಇಲ್ಲೇ ಕೆಲಸ ಕೊಡುತ್ತೇನೆ. ದಿನಾ ಅದರ ಧೂಳು ಒರೆಸು. ಜನ ಈಜಲಿ, ಮೈಗೆ ಒಳ್ಳೆಯದು."

"ಧೂಳು ಕೂತರೆ ಅದು ದೋಣಿನಾ, ಒಡೆಯಾ? ಮಳೆಗಾಲ ದಡಕ್ಕೆ ಎಳೆದಿಟ್ಟರೂ, ಹತ್ತೋ ಮುಂಚೆ ನಾಲ್ಕು ದಿನ ನೀರಲ್ಲಿ ನೆನಸ್ತೀವಿ. ಹಲಗೆ ನೀರು ಕುಡಿದು ಉಬ್ಬಿದರೇ ಸಂದು ಮುಚ್ಚೋದು..."

ಅರಸ ಆಕಳಿಸಿದ. ಪರಮಯ್ಯನ ಕಿವಿ ಮಾತ್ರ ನೆಟ್ಟಗಾಯಿತು.

"ಪ್ರಭು, ಒಂದು ಮಾತು," ಎಂದ. "ಹೊಸ ಸೊಸೆ ಬರುವಾಗ ಅತ್ತೆ ಒಳಗೇ ಕೂತಿದ್ದರೆ ಊರು ಏನೆಂದೀತು? ಹಿರಿಯಳಾದ ಗಜಲಕ್ಷ್ಮಿ ಹೊಳೆಗೆ ಹೋಗಿ ಕರೆದು ತರಬೇಡವೇ? ಹೇಗೂ ಇಂದು ಏಕಾದಶಿ. ನಾಳೆ ದ್ವಾದಶಿ ಬೆಳಗ್ಗೆ ತಾವೇ ಅದರಲ್ಲಿ ಕೂತು, ಆಚೆಯ ಅಮ್ಮನ ದರ್ಶನ ಮಾಡಿಬಂದರೆ..."

"ನೀರು ತಾಗುತ್ತದಲ್ಲಯ್ಯ!"

"ಗಂಗೆ ತಾಗಿದರೆ ಮೈಲಿಗೆಯೇ, ಪ್ರಭು?"

ಅರಸ ತಲೆ ತುರಿಸಿಕೊಂಡ.

"ಒಂದು ಪಂಥವೂ ಇರಲಿ," ಎಂದ ಪರಮಯ್ಯ. "ತಮ್ಮನ್ನು ಅಮ್ಮನ ಗುಡಿಗೆ ಯಾವ ದೋಣಿ ಮುಟ್ಟಿಸುತ್ತದೋ ಅದೇ ರಾಜನೌಕೆ. ಅದನ್ನು ಇದ್ದ ಜಾಗದಿಂದ ಯಾರೂ ಕದಲಿಸಬಾರದು."

ಅರಸ ಹೊಟ್ಟೆ ಹಿಡಿದು ನಕ್ಕ. "ಆ ಹರಕು ದೋಣಿಗೂ ನನ್ನ ಗಜಲಕ್ಷ್ಮಿಗೂ ಪಂಥವೇ? ಆಗಲಿ. ಅಮ್ಮನಾಣೆ!"

ಹೊರಗೆ ಬಂದ ಪರಮಯ್ಯ ಸಣ್ಣಮ್ಮನನ್ನು ಮೆಲ್ಲಗೆ ಕೇಳಿದ: "ತಾಯಿ, ನಾಳೆ ಕಡಲಿನ ಇಳಿತಕ್ಕೆ ಹೊಳೆಯಲ್ಲಿ ನೀರು ತೀರಾ ಇಳಿಯುವುದು ಯಾವ ಹೊತ್ತಿಗೆ?"

ಮರುದಿನ ಸರಿಯಾಗಿ ಅದೇ ಹೊತ್ತಿಗೆ ಇಪ್ಪತ್ತು ಜನ ಗಜಲಕ್ಷ್ಮಿಯನ್ನು ಹೊತ್ತು ತಂದು ಹೊಳೆಗಿಳಿಸಿದರು. ಅರಸ ಕೂತ, ಪುರೋಹಿತರು ಕೂತರು, ಕೊಡೆ ಹಿಡಿಯುವವನು ನಿಂತ, ಅಂಬಿಗರು ಹುಟ್ಟು ಹಿಡಿದರು. ಪರಮಯ್ಯ ದಡದಲ್ಲೇ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಂಡ.

"ಅದೇಕಯ್ಯ ಪಂಚೆ ಎತ್ತಿದೆ?"

"ಭಕ್ತಿಯಿಂದ, ಪ್ರಭು."

ಹತ್ತು ಹುಟ್ಟು ಹಾಕಿರಬೇಕು. ಅರಸನ ಹೆಬ್ಬೆರಳ ಬಳಿ ಗುಳುಗುಳು ಸದ್ದಾಯಿತು.

"ಯಾರದು ಮಂತ್ರ ಹೇಳುತ್ತಿರುವುದು?"

"ನಾನಲ್ಲ, ಪ್ರಭು," ಎಂದರು ಪುರೋಹಿತರು, ಕಾಲು ಮೇಲೆತ್ತಿಕೊಂಡು. "ದೋಣಿ!"

ಅಷ್ಟರಲ್ಲಿ ಇಪ್ಪತ್ತು ಸಂದುಗಳಿಂದ ಇಪ್ಪತ್ತು ಕಾರಂಜಿ ಎದ್ದವು. ಕೊಡೆಯವನು ಇನ್ನೂ ನಿಷ್ಠೆಯಿಂದ ಅರಸನ ತಲೆಯ ಮೇಲೆ ಕೊಡೆ ಹಿಡಿದೇ ಇದ್ದ.

"ನೀರು ಬರುವ ಕಡೆ ಹಿಡಿಯೋ!" ಎಂದು ಅರಸ ಕೂಗಿದ. ಅವನು ಪಾಪ, ಕೊಡೆಯನ್ನು ಅರಸನ ಕೆಳಗೆ ಹಿಡಿದ.

ಗಜಲಕ್ಷ್ಮಿ ಗಂಭೀರವಾಗಿ ಹೊಳೆಯ ತಳದಲ್ಲಿ ಹೋಗಿ ಕೂತಳು. ಸೊಂಟದವರೆಗಿನ ನೀರಿನಲ್ಲಿ ಕಿರೀಟಧಾರಿಯಾಗಿ ಅರಸ ನಿಂತ. ಆಗ ತಣ್ಣಗೆ ಹುಟ್ಟು ಹಾಕುತ್ತ ಸಣ್ಣಮ್ಮ ಬಂದಳು.

"ಹತ್ತಿ, ಒಡೆಯಾ. ಬಲಗಾಲು ಮೊದಲು. ಅಮ್ಮನ ಗುಡಿಗೆ ಹೊರಟಿದ್ದೀರಿ."

ಹೊಲಿದ ದೋಣಿ ಅವನನ್ನು ಬಾತುಕೋಳಿಯಂತೆ ಆಚೆ ದಡಕ್ಕೆ ಮುಟ್ಟಿಸಿತು. ಪರಮಯ್ಯನೂ ನೀರಲ್ಲೇ ನಡೆದು ಬಂದು ಸೇರಿದ. ಗುಡಿಯ ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತ ನಿಂತ ಅರಸ ಗುಡುಗಿದ: "ಪರಮಯ್ಯಾ! ನನ್ನ ಗಜಲಕ್ಷ್ಮಿಗೆ ಏನು ಮಾಡಿದೆ?"

ಪರಮಯ್ಯ ಕೈಮುಗಿದ.

"ನಾನೇನು ಮಾಡಲಿ, ಪ್ರಭು? ಒಂದೇ ಒಂದು ಏಕಾದಶಿ ನೀರು ಬಿಟ್ಟರೆ, ದ್ವಾದಶಿ ಬೆಳಗ್ಗೆ ನಾವೆಲ್ಲ ಚೊಂಬು ಬರಿದು ಮಾಡುತ್ತೇವೆ. ಆ ತಾಯಿಗೆ ತಾವು ಹನ್ನೆರಡು ವರ್ಷ ನಿರ್ಜಲ ಉಪವಾಸ ಮಾಡಿಸಿದಿರಿ. ಇಂದು ಪಾರಣೆ. ಹೊಳೆ ಕಂಡಳು, ಕುಡಿದಳು!"

ಅರಸನ ಮೀಸೆ ನಡುಗಿತು. ಹೊಟ್ಟೆ ಕುಣಿಯಿತು. ನಕ್ಕ ರಭಸಕ್ಕೆ ಕಿರೀಟ ಉರುಳಿ ಮೆಟ್ಟಿಲಿಳಿದು ಹೊಳೆಗೆ ಬಿತ್ತು. ಅದನ್ನೂ ಸಣ್ಣಮ್ಮನೇ ಹುಟ್ಟಿನಿಂದ ಎತ್ತಿಕೊಟ್ಟಳು.

"ಅಮ್ಮನ ಆಣೆ ಇಟ್ಟಿದ್ದೇನೆ," ಎಂದ ಅರಸ ಕಣ್ಣೊರೆಸಿಕೊಂಡು. "ನಲವತ್ತೊಂದನೆಯ ದೋಣಿ ಇದೇ. ಅದರ ಜಾಗ ಹೊಳೆ. ಅದರ ಒಡತಿ ಸಣ್ಣಮ್ಮ." ಹೊದ್ದ ಶಾಲನ್ನು ಹಿಂಡಿ ಪರಮಯ್ಯನ ಹೆಗಲಿಗೆ ಹೊದಿಸಿದ.

ಗಜಲಕ್ಷ್ಮಿಯನ್ನು ಹೊಳೆಯಿಂದ ಎತ್ತಿ ಮತ್ತೆ ಹಡಗಿನ ಮನೆಗೆ ಸೇರಿಸಿದರು. ಅಂದಿನಿಂದ ಪ್ರತಿ ದ್ವಾದಶಿಗೂ ದೊಡ್ಡ ಹಡಗುಗಳಿಗೆ ಕೊಡಗಟ್ಟಲೆ ನೀರು, ಪುಟಾಣಿ ಹಡಗುಗಳಿಗೆ ಒಂದೊಂದು ಉದ್ಧರಣೆ. ಅವೆಲ್ಲ ಕುಡಿದ ಮೇಲೆಯೇ ಅರಸನ ಪಾರಣೆ. ದೇವರು ಯಾರಿಗೆ ಯಾವ ನೀರಿನಲ್ಲಿ ಬುದ್ಧಿ ಕೊಡುತ್ತಾನೋ!

ಹಡಗಿನ ಮನೆ ನೋಡಲು ಬಂದವರು ಎಣಿಸಿ ಕೇಳುತ್ತಿದ್ದರಂತೆ: "ಇಲ್ಲಿ ನಲವತ್ತೇ ಇವೆಯಲ್ಲ, ನಲವತ್ತೊಂದನೆಯದು ಎಲ್ಲಿ?"

ಕಾವಲುಗಾರ ಹೊಳೆಯ ಕಡೆ ಕೈ ತೋರಿಸುತ್ತಿದ್ದ. "ಆಚೆ ದಡದಲ್ಲಿದೆ. ಸ್ವಲ್ಪ ಕಾಯಿರಿ, ಅದೇ ಬಂದು ನಿಮ್ಮನ್ನು ಕರೆದೊಯ್ಯುತ್ತದೆ."